ಸ್ಕ್ರೀನ್ ಕಪ್ಪಾದಾಗ: ಟೆಕ್ಸಾಸ್‌ನ ಲಿನಕ್ಸ್ ಮಿತ್ರರಿಗೆ ಸೂಚನೆ

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಯಾವ ಊರಿನಿಂದ ಫೋನ್ ಬಂದರೂ ಮಾತು ಒಂದೇ: "ಕರ್ನಲ್ ಅಪ್‌ಡೇಟ್ ಆಯ್ತು, ಸ್ಕ್ರೀನ್ ಕಪ್ಪಗಾಯ್ತು, ಗ್ರಾಫಿಕ್ಸ್ ಮೆಮೊರಿ ಸಾಲ್ತಿಲ್ವಂತೆ. ಇನ್ನೊಂದು ರ್‍ಯಾಮ್ ಹಾಕಿಸ್ಲಾ?" ಬೇಡ. ಮೊದಲು ಇದನ್ನು ಓದಿ.

ಮಾಡಬೇಕಾದ್ದು

ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿ. ಅದರಲ್ಲಿ ಎಲ್ಲ ನೆಟ್ಟಗಿದ್ದರೆ ಕಾರ್ಡ್ ಕೆಟ್ಟಿರುವ ಸಂಭವ ಕಡಿಮೆ.

ಆಮೇಲೆ ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟಿನ ಕರ್ನಲ್ ಸಂದೇಶಗಳನ್ನು ತೆಗೆದು ಮೊಟ್ಟಮೊದಲ ಎರರ್ ಸಾಲು ಹುಡುಕಿ. ಅದರ ಕೆಳಗಿನವು ಬಹುಪಾಲು ಅದರದೇ ಮರಿಗಳು.

ಎನ್‌ವಿಡಿಯಾ ಕಾರ್ಡಿನವರಿಗೆ ಅಲ್ಲಿ "ಬಾರ್1 ಈಸ್ 0ಎಂ" ಅಂತ ಕಾಣಬಹುದು. ಬಾರ್ ಅಂದರೆ ಪ್ರೊಸೆಸರ್ ಕಾರ್ಡಿನ ಮೆಮೊರಿಯೊಳಗೆ ಇಣುಕುವ ಕಿಟಕಿ. ಅದಕ್ಕೆ ಅಡ್ರೆಸ್ ಜಾಗ ಹಂಚುವುದು ಮೊದಲು ಬಯಾಸ್, ಆಮೇಲೆ ಕರ್ನಲ್. 4 ಜಿಬಿ ಗೆರೆಯ ಕೆಳಗೆ ಜಾಗ ಸಾಲದೆ ಹೋದರೆ ಕಿಟಕಿ ಇಡುವುದಕ್ಕೆ ಗೋಡೆಯೇ ಇಲ್ಲ. ಮಷೀನಿನಲ್ಲಿ 64 ಜಿಬಿ ರ್‍ಯಾಮ್ ಇದ್ದರೂ ಅಷ್ಟೇ. ಬಯಾಸ್‌ನಲ್ಲಿ "ಅಬೋವ್ 4ಜಿ ಡಿಕೋಡಿಂಗ್" ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಕರ್ನಲ್ ಸಾಲಿಗೆ "ಪಿಸಿಐ=ರೀಅಲಾಕ್" ಕೊಟ್ಟು ನೋಡಿ.

ಆ ಸಾಲನ್ನು ತಿದ್ದುವುದು ಹೀಗೆ: ಗ್ರಬ್‌ನಲ್ಲಿ "ಇ" ಒತ್ತಿ, "ಲಿನಕ್ಸ್" ಅಂತ ಶುರುವಾಗುವ ಸಾಲಿನ ತುದಿಗೆ ಸೇರಿಸಿ, ಎಫ್10 ಒತ್ತಿ. ಈ ತಿದ್ದುಪಡಿ ಒಂದೇ ಬೂಟಿಗೆ, ಮತ್ತೆ ಆನ್ ಮಾಡಿದಾಗ ಇರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಕಾಗದದಲ್ಲಿ ಬರೆದಿಟ್ಟುಕೊಂಡು.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಲ್ಯಾಪ್‌ಟಾಪ್ 16 ಜಿಬಿ ಬದಲು 15 ಚಿಲ್ಲರೆ ತೋರಿಸಿದರೆ ದೂರು ಕೊಡಬೇಡಿ. ಕಮ್ಮಿಯಾದದ್ದರಲ್ಲಿ ಒಂದು ಪಾಲನ್ನು ಬಯಾಸ್ ಗ್ರಾಫಿಕ್ಸ್‌ಗೆ ಎತ್ತಿಟ್ಟಿರುತ್ತದೆ. (ಡಾಲಸ್ಸಿನವರೇ ಆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 1979ರ ಟಿಎಂಎಸ್9918 ವಿಡಿಯೋ ಚಿಪ್ಪಿಗೆ 16 ಕಿಲೋಬೈಟ್‌ವರೆಗೆ ಪ್ರತ್ಯೇಕ ಮೆಮೊರಿ ಇರುತ್ತಿತ್ತು, ಪ್ರೊಸೆಸರ್ ಅದನ್ನು ನೇರವಾಗಿ ಮುಟ್ಟುವಂತಿರಲಿಲ್ಲ. ಪಾಲಿನ ಜಗಳವೇ ಇಲ್ಲ!)

ಮಾಡಬಾರದ್ದು

ಕರ್ನಲ್ ಸಾಲಿಗೆ "ನೋಮೋಡ್‌ಸೆಟ್" ಹಾಕಿ ಸ್ಕ್ರೀನ್ ಬಂತೆಂದು ಅಲ್ಲೇ ನಿಲ್ಲಬೇಡಿ. ಅದು ಒಳಗೆ ಹೋಗುವುದಕ್ಕೆ ಹಿತ್ತಲ ಬಾಗಿಲು, ಅಷ್ಟೇ. ಹಾಗೇ ಬಿಟ್ಟರೆ ಗ್ರಾಫಿಕ್ಸ್ ಡ್ರೈವರ್ ಸುಮ್ಮನೆ ಕೂತು, ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆಗೆ. ಯಕ್ಷಗಾನದ ವಿಡಿಯೋ ಕುಂಟುತ್ತದೆ, ನೀವು ಇಂಟರ್ನೆಟ್ ಕಂಪನಿಗೆ ಬೈತೀರಿ.

ಯಾರದೋ ಮಷೀನಿಗೆ ಹೊಂದಿದ ಪ್ಯಾರಾಮೀಟರ್‌ಗಳ ಗೊಂಚಲನ್ನು ನಿಮ್ಮದಕ್ಕೆ ಅಂಟಿಸಬೇಡಿ.

ಲೆಗಸಿ ಮೋಡ್‌ನಲ್ಲಿ ಇನ್‌ಸ್ಟಾಲ್ ಆದ ಹಳೇ ಮಷೀನಿನ ಬಯಾಸ್‌ನಲ್ಲಿ ಸಿಎಸ್‌ಎಂ (ಲೆಗಸಿ ಬೂಟಿಗೆ ಅವಕಾಶ ಕೊಡುವ ಆಯ್ಕೆ) ಆಫ್ ಮಾಡಬೇಡಿ. ಮಾಡಿದರೆ ಬೂಟ್ ಆಗುವುದೇ ಇಲ್ಲ. ಕೆಲವು ಬೋರ್ಡುಗಳು ಅಬೋವ್ 4ಜಿ ಆನ್ ಮಾಡಿದೊಡನೆ ತಾವೇ ಸಿಎಸ್‌ಎಂ ಆಫ್ ಮಾಡಿಬಿಡುತ್ತವೆ, ನೋಡಿಕೊಳ್ಳಿ.

ಆಸ್ಟಿನ್‌ನವರೇ, ಪಕ್ಕದ ಮನೆಯವರು ಎಎಂಡಿಯಲ್ಲಿದ್ದಾರೆ ಅಂತ ಮಧ್ಯರಾತ್ರಿ ಬಾಗಿಲು ತಟ್ಟಬೇಡಿ. ಪಾಪ, ಅವರು ಪೇರೋಲ್ ವಿಭಾಗದಲ್ಲಿರಬಹುದು.

ಹ್ಯೂಸ್ಟನ್‌ನವರು ಗಾಳಿಮಳೆಯ ಮುನ್ಸೂಚನೆ ಇರುವ ದಿನ ಬಯಾಸ್ ಅಪ್‌ಡೇಟ್‌ಗೆ ಕೈ ಹಾಕಲೇಬಾರದು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಆ ಭಾಗದ 20 ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟು ತೆಗೆದದ್ದು ಮರೆತಿಲ್ಲ ತಾನೆ? ಅಪ್‌ಡೇಟ್ ಅರ್ಧಕ್ಕೆ ನಿಂತರೆ ಬೋರ್ಡ್ ಕೈಬಿಟ್ಟಂತೆ.

ಇಷ್ಟಾದರೂ ಬಗೆಹರಿಯದಿದ್ದರೆ ಫೋನ್ ಮಾಡಿ. ಕರ್ನಲ್ ವರ್ಷನ್, ಕಾರ್ಡಿನ ಹೆಸರು, ಆ ಮೊದಲ ಎರರ್ ಸಾಲಿನ ಫೋಟೋ ಕೈಯಲ್ಲಿರಲಿ. ಶನಿವಾರ ಬೆಳಿಗ್ಗೆ ಹತ್ತರ ಮೇಲೆ, ನನ್ನ ಕಾಫಿ ಆದ ನಂತರ.