ಪ್ರದರ್ಶನ ಬರ್ತದೆ, ಸುದ್ದಿ ಮುಟ್ಟಿಸೋಣ

ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ ಒಂದು ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆ. ಅದು ಶುರುವಾದದ್ದು 1995ರಲ್ಲಿ. ಕಾಡು, ಪ್ರಾಣಿ, ಹಕ್ಕಿ, ಗಿಡಮರಗಳ ಬಗ್ಗೆ ಅಲ್ಲಿ ನೋಡಿ ತಿಳಿಯಬಹುದು. ಆದರೆ ಅಮಾಸೆಬೈಲಿನಿಂದ ಮೈಸೂರು ಬಹಳ ದೂರ. ಮನೆ, ದನಕರು, ಗದ್ದೆ ಬಿಟ್ಟು ಹೋಗುವುದು ಸುಲಭವೇ?

ಕೆಲವು ಸಲ ಇಂಥ ಪ್ರದರ್ಶನವೇ ಜನರ ಹತ್ತಿರ ಬರ್ತದೆ. 1965ರಲ್ಲೇ ಕೋಲ್ಕತ್ತದ ಬಿರ್ಲಾ ಸಂಗ್ರಹಾಲಯ ಬಸ್ಸಿನಲ್ಲಿ ವಿಜ್ಞಾನ ಪ್ರದರ್ಶನ ಕಳಿಸಿತ್ತು. ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯದ ಬಸ್ಸುಗಳೂ ಹಳ್ಳಿ ಶಾಲೆಗಳಿಗೆ ಹೋಗುತ್ತವೆ. 2012ರ ಜೂನ್ 5ರಂದು ದೆಹಲಿಯಿಂದ ಒಂದು ರೈಲೇ ಹೊರಟಿತು. 16 ಬೋಗಿಗಳ ಆ ರೈಲಿನಲ್ಲಿ ನಮ್ಮ ದೇಶದ ಜೀವಜಂತುಗಳ ಪ್ರದರ್ಶನ ಇತ್ತು.

ನಮ್ಮೂರ ಶಾಲೆಗೂ ಇಂಥ ಬಸ್ಸು ಬರ್ತದೆ ಅಂತ ಇಟ್ಟುಕೊಳ್ಳೋಣ. ಅದು ಎರಡು ದಿನ ನಿಂತು ಹೊರಟುಬಿಡ್ತದೆ. ಮೂರನೇ ದಿನ ಸುದ್ದಿ ಸಿಕ್ಕರೆ ಏನು ಪ್ರಯೋಜನ? ಕಾಡಿಗೆ ಸೊಪ್ಪು, ತರಗೆಲೆಗೆ ಹೋಗುವವರು ನಾವು. ಹಾವು ಕಾಲಿಗೆ ಸಿಗುವುದೂ ನಮಗೆ. ಕೊಳಕುಮಂಡಲ ಯಾವುದು, ವಿಷ ಇಲ್ಲದ ಹಾವು ಯಾವುದು ಅಂತ ಮೊದಲು ನೋಡಬೇಕಾದವರು ನಾವೇ ಅಲ್ಲವೇ? (ಹಾವು ಕಚ್ಚಿದರೆ ಗಾಯ ಕೊಯ್ಯಬಾರದು. ಬಿಗಿಯಾಗಿ ಕಟ್ಟಲೂ ಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಪ್ರದರ್ಶನದ ದಾರಿ ಕಾಯುವುದು ಬೇಡ, ಈಗಲೇ ನೆನಪಿಡಿ.)

ಊರಲ್ಲಿ ಆಟ ಇದ್ದರೆ ವಾಹನಕ್ಕೆ ಮೈಕ್ ಕಟ್ಟಿ ಕೂಗ್ತಾರೆ. ಪ್ರದರ್ಶನದ ಸುದ್ದಿ ಕೂಗುವವರು ಯಾರು? ನಾವೇ ಬರೆದು ಪತ್ರಿಕೆಗೆ ಕೊಡಬಹುದು. ಕುಂದಾಪುರದಲ್ಲಿ ಪತ್ರಿಕೆಗಳ ವರದಿಗಾರರು ಇದ್ದಾರೆ. ನಾಲ್ಕೈದು ದಿನ ಮೊದಲೇ ಅವರಿಗೆ ಮುಟ್ಟಿಸಬೇಕು. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ಕೆಳಗೆ ಸಂಘದ ಹೆಸರು, ಫೋನ್ ನಂಬರು ಇರಲಿ. ಏನು, ಎಲ್ಲಿ, ಯಾವಾಗ, ಯಾರಿಗೆ? ಇಷ್ಟು ಇಲ್ಲದ ಸುದ್ದಿಯನ್ನು ವರದಿಗಾರರು ಬದಿಗಿಡುತ್ತಾರೆ.

'ಸರ್ವರೂ ಆಗಮಿಸಿ ಯಶಸ್ವಿಗೊಳಿಸಬೇಕಾಗಿ ವಿನಂತಿ' ಅಂತ ಬರೆಯುವುದು ಎಲ್ಲರಿಗೂ ಅಭ್ಯಾಸ. ಅದನ್ನು ಓದಿ ಯಾರೂ ಮನೆಯಿಂದ ಹೊರಡುವುದಿಲ್ಲ. ನಮ್ಮ ಕಾಡಿನ ಮಾತಿನಿಂದಲೇ ಶುರು ಮಾಡಿದರೆ ಓದುತ್ತಾರೆ. ಈ ಮಾದರಿ ನೋಡಿ:

"ಸಿಂಗಳೀಕವನ್ನು ಹತ್ತಿರದಿಂದ ನೋಡಿದ್ದೀರಾ? ಕಪ್ಪು ಮೈ, ಮುಖದ ಸುತ್ತ ಬೂದು ಕೂದಲು. ಈ ಮಂಗ ಇರುವುದು ಪಶ್ಚಿಮ ಘಟ್ಟದ ಕಾಡಿನಲ್ಲಿ ಮಾತ್ರ. ಅದರ ಮಾದರಿ ಅಮಾಸೆಬೈಲು ಶಾಲೆಗೆ ಬರುತ್ತಿದೆ. ಶನಿವಾರ ಮತ್ತು ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನೋಡಬಹುದು. ಹಾವುಗಳ ಮಾದರಿಯೂ ಇದೆ, ಜೀವದ ಹಾವು ಇಲ್ಲ. ದುಡ್ಡು ಕೊಡಬೇಕಾಗಿಲ್ಲ. ಹೆಂಗಸರು ಕೈಮಗುವನ್ನೂ ಕರೆದುಕೊಂಡು ಬರಬಹುದು."

ಕೊನೆಯ ಎರಡು ವಾಕ್ಯ ಬಿಡಬೇಡಿ. ದುಡ್ಡು ಎಷ್ಟೋ, ಮಗುವನ್ನು ಬಿಡ್ತಾರೋ ಇಲ್ಲವೋ ಅಂತ ಅಂಜಿ ಎಷ್ಟೋ ಅಕ್ಕಂದಿರು ಮನೆಯಲ್ಲೇ ಉಳಿಯುತ್ತಾರೆ. ಇಲ್ಲದ್ದನ್ನು ಮಾತ್ರ ಬರೆಯಬೇಡಿ. ಹುಲಿ ಇದೆ ಅಂತ ಬರೆದು ಅಲ್ಲಿ ಹುಲಿಯ ಫೋಟೋ ಇದ್ದರೆ ಜನ ಬೈಯುತ್ತಾರೆ, ಇನ್ನೊಮ್ಮೆ ನಂಬುವುದಿಲ್ಲ.

ಮಂಗಳೂರು ಆಕಾಶವಾಣಿ 1976ರಿಂದ ಇದೆ. ಅಲ್ಲಿಗೂ ಒಂದು ಪ್ರತಿ ಕಳಿಸಿ, ಇನ್ನೂ ಮುಂಚಿತವಾಗಿ. ರೇಡಿಯೋದ ಮಾತನ್ನು ಹಿಂದೆ ತಿರುಗಿಸಿ ಕೇಳಲು ಆಗುವುದಿಲ್ಲ. ಹಾಗಾಗಿ ವಾಕ್ಯ ಸಣ್ಣದಿರಲಿ. ವಾಟ್ಸಾಪಿಗೆ ಹಾಕುವಾಗ ತಾರೀಕು ಬರೆಯಲೇಬೇಕು. ಬರೀ 'ನಾಳೆ' ಅಂತ ಬರೆದರೆ ಆ ಸುದ್ದಿ ಮುಂದಿನ ತಿಂಗಳೂ ಸುತ್ತುತ್ತಾ ಇರ್ತದೆ!

ಪತ್ರಿಕೆ ಬಾರದ ಮನೆಗಳಿಗೆ? ಹಾಲಿನ ಡೈರಿಯಲ್ಲಿ, ರೇಷನ್ ಅಂಗಡಿಯಲ್ಲಿ ಚೀಟಿ ಅಂಟಿಸಿ. ಓದಲು ಬಾರದವರಿಗೆ ಓದಿ ಹೇಳಿ. "ಹ್ವಾಯ್, ಶನಿವಾರ ಶಾಲಿಗೆ ಹೋಪ, ಬನಿ" ಅಂತ ಕರೆಯಿರಿ.

ಮೊದಲ ದಿನ ಸಂಜೆಯೇ ಒಂದು ಫೋಟೋ ವರದಿಗಾರರಿಗೆ ಹೋಗಲಿ. ಸಾಲಾಗಿ ನಿಂತ ಗಣ್ಯರ ಫೋಟೋ ಬೇಡ. ಹಾವಿನ ಮಾದರಿಯನ್ನು ಬಗ್ಗಿ ನೋಡುವ ಅಜ್ಜಿಯದ್ದು ಇರಲಿ, ಅವರನ್ನು ಕೇಳಿಯೇ ತೆಗೆಯಿರಿ. ಮರುದಿನ ಪತ್ರಿಕೆಯಲ್ಲಿ ಅದನ್ನು ನೋಡಿದವರಿಗೆ ಬರಲು ಇನ್ನೂ ಒಂದು ದಿನ ಇರ್ತದೆ.

ಅಭ್ಯಾಸ: ನಿಮ್ಮ ಊರಿನ ಹೆಸರು ಹಾಕಿ ತುಂಬಿಸಿ.
........ ಶಾಲೆಯಲ್ಲಿ ........ ತಾರೀಕು ........ ಗಂಟೆಗೆ ........ ಪ್ರದರ್ಶನ ಇದೆ. ದುಡ್ಡು ........ .