ಬೇಸಿಕ್ ನೋಡಿ ಸಾಲ ಮಾಡಿ

2020ರ ಜುಲೈನಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ 31 ಬೋಯಿಂಗ್ 747 ವಿಮಾನಗಳನ್ನೂ ಒಮ್ಮೆಗೇ ನಿವೃತ್ತಿ ಮಾಡುವುದಾಗಿ ಹೇಳಿತು. ಅದೇ ತಿಂಗಳು ಆಸ್ಟ್ರೇಲಿಯಾದ ಕ್ವಾಂಟಾಸ್ ಕೂಡ ತನ್ನ ಕೊನೆಯ 747 ಅನ್ನು ಬೀಳ್ಕೊಟ್ಟಿತು. ಕೋವಿಡ್ ಆ ದಿನವನ್ನು ಬೇಗ ತಂದಿತು, ಅಷ್ಟೆ. ನಾಲ್ಕು ಎಂಜಿನ್ ಕುಡಿಯುವ ಇಂಧನ, ಕೆಲವು ವರ್ಷಕ್ಕೊಮ್ಮೆ ಇಡೀ ವಿಮಾನ ಬಿಚ್ಚಿ ನೋಡುವ ಡಿ-ಚೆಕ್‌ನ ಖರ್ಚು ಮೊದಲೇ ಕಂಪನಿಗಳ ಕೈ ಕಚ್ಚುತ್ತಿತ್ತು. ಬದಲಿಗೆ ಬರುವ ಎರಡು ಎಂಜಿನ್‌ನ ವಿಮಾನದಲ್ಲಿ ಸೀಟು ಕಡಿಮೆ, ಹಾಗಾಗಿ ಕ್ರೂ ಕೂಡ ಕಡಿಮೆ. ನಮ್ಮಲ್ಲಿ ಪ್ರತಿ 50 ಸೀಟಿಗೆ ಕನಿಷ್ಠ ಒಬ್ಬರು ಎನ್ನುವುದು ನಿಯಮ.

ನಾನು ಕ್ಯಾಬಿನ್ ಕ್ರೂ ಆಗಿದ್ದ ಕಂಪನಿಯಲ್ಲೂ ಹಳೆಯ ವಿಮಾನಗಳು ಒಂದೊಂದಾಗಿ ಹ್ಯಾಂಗರ್ ಸೇರಿದವು. ಲೇಆಫ್ ಪತ್ರ ಬರಲು ಇನ್ನೂ ತಿಂಗಳುಗಳಿದ್ದವು. ಆದರೆ ರೋಸ್ಟರ್ ಆಗಲೇ ಸುದ್ದಿ ಹೇಳಿತ್ತು. ಲಂಡನ್, ಫ್ರಾಂಕ್‌ಫರ್ಟ್ ಇರುತ್ತಿದ್ದ ಜಾಗದಲ್ಲಿ ಸಾಲಾಗಿ ಸ್ಟ್ಯಾಂಡ್‌ಬೈ. ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟು, ಫೋನ್ ಪಕ್ಕದಲ್ಲೇ ಕೂತರೂ ಕರೆ ಬರುತ್ತಿರಲಿಲ್ಲ. ಪೇ ಸ್ಲಿಪ್‌ನಲ್ಲಿ ಬೇಸಿಕ್ ಇದ್ದಷ್ಟೇ ಇತ್ತು. ಅದರ ಕೆಳಗಿನ ಫ್ಲೈಯಿಂಗ್ ಅಲೋವೆನ್ಸ್ ಮಾತ್ರ ತಿಂಗಳಿಂದ ತಿಂಗಳಿಗೆ ಕರಗಿತು. ನಮ್ಮ ಮನೆ ನಡೆಯುತ್ತಿದ್ದದ್ದೇ ಆ ಸಾಲಿನ ಮೇಲೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಗಳೂರಿನ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ್ದರು: "ಬ್ಯಾಂಕಿನವರು ಕೈಗೆ ಬರೋ ದುಡ್ಡು ನೋಡಿ ಸಾಲ ಕೊಡ್ತಾರೆ. ನೀನು ಬೇಸಿಕ್ ನೋಡಿ ತಗೋ ಮಾರಾಯ್ತಿ." ಆ ಅಕ್ಕನ ಒಂದು ಮಾತಿನಿಂದ ನಮ್ಮ ಮನೆ ಉಳಿಯಿತು. ಬಾಡಿಗೆ, ಇಎಂಐ, ದಿನಸಿ ಎಲ್ಲ ಬೇಸಿಕ್‌ನೊಳಗೆ. ಅಲೋವೆನ್ಸ್ ಬೇರೆ ಖಾತೆಗೆ.

ಕೆಲಸ ಹೋದರೆ ಗ್ರ್ಯಾಚುಟಿ ಬರುತ್ತದಲ್ಲ ಎನ್ನುವವರು ಒಮ್ಮೆ ಲೆಕ್ಕ ಹಾಕಲಿ. ಬೇಸಿಕ್ 25,000, ಅಲೋವೆನ್ಸ್ 50,000, ಎಂಟು ವರ್ಷದ ಸೇವೆ ಎಂದುಕೊಳ್ಳಿ. 1972ರ ಕಾಯ್ದೆಯ ಪ್ರಕಾರ 25,000ವನ್ನು 26ರಿಂದ ಭಾಗಿಸಿ, 15ರಿಂದಲೂ 8ರಿಂದಲೂ ಗುಣಿಸಬೇಕಿತ್ತು. ಸುಮಾರು 1.15 ಲಕ್ಷ ಬರುತ್ತಿತ್ತು. ಎಂಟು ವರ್ಷದ ದುಡಿಮೆಗೆ ಒಂದೂವರೆ ತಿಂಗಳ ಸಂಬಳ! 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ್ದನ್ನೂ ವೇತನಕ್ಕೆ ಸೇರಿಸಬೇಕೆಂದಿದೆ. ಎಂದೋ ಬರಬೇಕಿದ್ದ ನ್ಯಾಯ. ಆದರೂ 37,500ರ ಮೇಲೆ ಲೆಕ್ಕ ಹಾಕಿದರೆ ಬರುವುದು ಸುಮಾರು 1.73 ಲಕ್ಷವಷ್ಟೇ.

ಇನ್ನೊಂದು ವಿಷಯ ಯಾರೂ ಮುಂಚೆ ಹೇಳುವುದಿಲ್ಲ. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಆಮೇಲೆ ಹೊಸ ಪಾಲಿಸಿ ಕೊಂಡರೆ, ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ ಇದ್ದರಂತೂ, ರೋಸ್ಟರ್ ತುಂಬಿರುವಾಗಲೇ ಅವರ ಹೆಸರಿಗೆ ಪ್ರತ್ಯೇಕ ಪಾಲಿಸಿ ಮಾಡಿಸಿ, ಅಲೋವೆನ್ಸ್ ಖಾತೆಯಿಂದಲೇ ಪ್ರೀಮಿಯಂ ಕಟ್ಟಿ.