ನಾಲ್ಕಾಣೆಯ ದಂಡವೂ ನಿವೇಶನದ ಬೆಲೆಯೂ

ಬೀದರಿನ ಗಾಂಧಿ ಗಂಜದ ದಲ್ಲಾಳಿ ಅಂಗಡಿಗಳಲ್ಲಿ ಕೀರ್ದಿ ಖಾತೆಗಳನ್ನು ಬರೆಯುತ್ತ ಆಯುಷ್ಯದ ಬಹುಭಾಗವನ್ನು ಕಳೆದವರಿಗೆ, ದರವೆಂಬುದು ನಿಲ್ಲುವ ವಸ್ತುವಲ್ಲವೆಂಬ ಅರಿವು ಯಾರೂ ಬೋಧಿಸದೆಯೇ ಬಂದಿರುತ್ತದೆ. ಬೆಳಗಿನ ಸವಾಲಿನಲ್ಲಿ ತೊಗರಿಗೆ ಕೂಗಿದ ಧಾರಣೆ ಸಂಜೆಗೆ ಇರದೆಂದು ಬಲ್ಲ, ಹಮಾಲಿಯ ದರದಲ್ಲಿ ಒಂದು ರೂಪಾಯಿ ಏರಿಳಿತವಾದರೂ ವಾರಗಟ್ಟಲೆ ಚರ್ಚಿಸುವ ಅದೇ ಜನ, ತಮ್ಮ ಮನೆಯ ನೆಲವನ್ನು ಕಾಯತಕ್ಕ ಗೃಹನಿರ್ಮಾಣ ಸಹಕಾರ ಸಂಘದ ಉಪವಿಧಿಗಳಲ್ಲಿ ಮಾತ್ರ ಹಿಂದಿನ ತಲೆಮಾರಿನವರು ಬರೆದಿಟ್ಟ ರೂಪಾಯಿ ಪೈಸೆಗಳನ್ನು ಶಿಲಾಶಾಸನವೆಂಬಂತೆ ಉಳಿಸಿಕೊಂಡು ಬಂದಿರುವುದು ನನಗೆ ಬಹುಕಾಲದಿಂದ ವಿಸ್ಮಯದ ಸಂಗತಿಯಾಗಿದ್ದಿತು.

ನಾನು ಲೆಕ್ಕಪತ್ರ ನೋಡಿಕೊಳ್ಳುವ ಸಂಘ ದೊಡ್ಡದೇನಲ್ಲ. ಗಂಜದ ಗುಮಾಸ್ತರು, ಶಾಲೆಯ ಉಪಾಧ್ಯಾಯರು, ಒಂದಿಬ್ಬರು ಅಡತಿ ವ್ಯಾಪಾರಿಗಳು ಕೂಡಿ ಲಾಭದ ಅಪೇಕ್ಷೆಯಿಲ್ಲದೆ, ಊರ ಹೊರಗಿನ ಕೆಂಪುಮಣ್ಣಿನ ಹೊಲವೊಂದನ್ನು ಕೊಂಡು ಹಂಚಿಕೊಂಡದ್ದರಿಂದ ಹುಟ್ಟಿದ್ದು. ಅದರ ಉಪವಿಧಿಯ ಪುಸ್ತಕ ಮಾಸಲು ಹಸಿರು ರಟ್ಟಿನದು. ಅಂಚಿನಲ್ಲಿ ಗತಿಸಿದ ಕಾರ್ಯದರ್ಶಿಯೊಬ್ಬರ ಶಾಯಿಯ ಟಿಪ್ಪಣಿಗಳುಂಟು. ಷೇರಿನ ಮುಖಬೆಲೆ ನೂರು ರೂಪಾಯಿ, ಕಾರ್ಯದರ್ಶಿಯ ಕೈಯಲ್ಲಿರಬಹುದಾದ ನಗದು ಐವತ್ತು ರೂಪಾಯಿ, ನಿವೇಶನದ ವರ್ಗಾವಣೆಗೆ ಶುಲ್ಕ ಹತ್ತು ರೂಪಾಯಿ, ನಿರ್ವಹಣೆಯ ವಂತಿಗೆಯನ್ನು ತಡಮಾಡಿ ಕೊಟ್ಟವರಿಗೆ ತಿಂಗಳಿಗೆ ಇಪ್ಪತ್ತೈದು ಪೈಸೆ ದಂಡ. 2011ರ ಜೂನ್ 30ರಂದು ಸರ್ಕಾರವು ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆಯನ್ನೇ ಕೊನೆಗಾಣಿಸಿತಷ್ಟೆ. ಆ ಮೇಲೆಯೂ ನಮ್ಮ ಉಪವಿಧಿಯು ಇಲ್ಲದ ನಾಣ್ಯವನ್ನು ಕೇಳುತ್ತಲೇ ಇದ್ದಿತು. ನಾಲ್ಕಾಣೆಗೆ ರಸೀದಿ ಹರಿಯುವುದು ನಾಚಿಕೆಗೇಡೆಂದು ಒಂದು ರೂಪಾಯಿ ವಸೂಲು ಮಾಡಿದರೆ, ಲೆಕ್ಕಪರಿಶೋಧಕರು ಉಪವಿಧಿಯಲ್ಲಿ ಇಲ್ಲದ ದರವೆಂದು ಆಕ್ಷೇಪ ಬರೆದರು. ಅವರ ಮಾತು ನ್ಯಾಯವೇ ಆಗಿದ್ದಿತು. ಇಷ್ಟರ ನಡುವೆ ದಂಡದ ಭಯವಿಲ್ಲದ ಸದಸ್ಯರು ವಂತಿಗೆಯನ್ನೇ ಮರೆತರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬಂತೆ, ನಿವೇಶನ ಕೈಗೆ ಬಂದ ಬಳಿಕ ಸಂಘವನ್ನು ನೆನೆಯುವವರು ವಿರಳ.

ಸಹಕಾರದಿಂದ ಮನೆ ಕಟ್ಟಿಕೊಳ್ಳುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ; 1909ರಲ್ಲಿ ಸ್ಥಾಪಿತವಾದ ಬೆಂಗಳೂರು ಕಟ್ಟಡ ಸಹಕಾರ ಸಂಘವನ್ನು ಭಾರತದಲ್ಲಿಯೇ ಈ ಬಗೆಯ ಮೊದಲನೆಯದೆಂದು ಎಣಿಸುತ್ತಾರೆ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಭಾಲ್ಕಿ, ಔರಾದಗಳು 1956ರ ನವೆಂಬರ್ 1ರಂದು ವಿಶಾಲ ಮೈಸೂರನ್ನು ಸೇರಿದ ಮೇಲೆ, ಬೇರೆಬೇರೆ ಪ್ರಾಂತಗಳ ಬೇರೆಬೇರೆ ಕಾನೂನುಗಳ ಸ್ಥಾನದಲ್ಲಿ 1959ರ ಸಹಕಾರ ಸಂಘಗಳ ಅಧಿನಿಯಮವು ಬಂದಿತು. ಅದರ 12ನೆಯ ಪ್ರಕರಣದ ಮೇರೆಗೆ ಉಪವಿಧಿಯ ಯಾವ ತಿದ್ದುಪಡಿಯೂ ನೋಂದಣಿಯಾಗುವ ತನಕ ಊರ್ಜಿತವಲ್ಲ. ಸಾಮಾನ್ಯ ಸಭೆಯಲ್ಲಿ ಕೈ ಎತ್ತಿ ಚಪ್ಪಾಳೆ ತಟ್ಟಿ, ಮರುದಿನದಿಂದಲೇ ಹೊಸ ದರ ವಸೂಲು ಮಾಡಲು ಹೊರಡುವ ಉತ್ಸಾಹಿಗಳು ಇದನ್ನು ಎರಡು ಸಲ ಓದಿಕೊಳ್ಳುವುದು ಲೇಸು. ಸಂವಿಧಾನದ 97ನೆಯ ತಿದ್ದುಪಡಿಯ ಸಹಕಾರ ಭಾಗವನ್ನು, ರಾಜ್ಯದ ಸಂಘಗಳ ಮಟ್ಟಿಗೆ, ಸರ್ವೋಚ್ಚ ನ್ಯಾಯಾಲಯವು 2021ರ ಜುಲೈನಲ್ಲಿ ಅಸಿಂಧುವೆಂದಾಗ, ಇನ್ನು ತಿದ್ದುವ ಕೆಲಸವೇ ಉಳಿಯಲಿಲ್ಲವೆಂದು ನಮ್ಮಲ್ಲಿ ಕೆಲವರು ಸಂತೋಷಪಟ್ಟರು. ರಾಜ್ಯದ ಅಧಿನಿಯಮವು ತನ್ನ ಪಾಡಿಗೆ ತಾನು ನಿಂತಿರುವುದು ಅವರ ಗಮನಕ್ಕೆ ಬಂದಿರಲಿಲ್ಲ.

ನಿಜವಾದ ಜಗಳ ಹುಟ್ಟಿದ್ದು ವರ್ಗಾವಣೆಯ ಕಲಮಿನಲ್ಲಿ. ಸಂಘವನ್ನು ಬಿಟ್ಟುಹೋಗುವ ಸದಸ್ಯನಿಗೆ ಷೇರಿನ ಹಣ ಹಿಂದಿರುಗುವುದು ಮುಖಬೆಲೆಯಲ್ಲಿಯೇ: ಅಂದು ಕೊಟ್ಟ ನೂರು, ಇಂದಿಗೂ ನೂರು. ಆದರೆ ಆ ಷೇರಿನ ಬಲದಿಂದ, ಕೊಂಡ ಬೆಲೆಗೇ ಅವನಿಗೆ ದೊರೆತ ನಿವೇಶನವು, ಊರು ಬೆಳೆದು ರಸ್ತೆ ಡಾಂಬರು ಕಂಡ ಮೇಲೆ, ಲಕ್ಷಗಳ ಮಾತನ್ನು ಆಡುತ್ತದೆ. ಈ ಅಂತರ ಯಾರ ಸೊತ್ತು? ಮಾರಾಟದ ಬೆಲೆಯಲ್ಲಿ ಶೇಕಡಾ ಐದನ್ನು ಸಂಘಕ್ಕೆ ಹಿಡಿಯಬೇಕೆಂದು ಒಂದು ಪಕ್ಷ. ಬೆವರು ಸುರಿಸಿ ಕಂತು ಕಟ್ಟಿದವರು ನಾವು, ಸಂಘಕ್ಕೆ ಹತ್ತು ರೂಪಾಯಿ ಸಾಕೆಂದು ಇನ್ನೊಂದು ಪಕ್ಷ. ಉದಗೀರಿನಲ್ಲಿ ಬೀಗರಿರುವ ಸದಸ್ಯರೊಬ್ಬರು, ಮಹಾರಾಷ್ಟ್ರದಲ್ಲಿ 2001ರಿಂದಲೇ ವರ್ಗಾವಣೆಯ ಅಧಿಮೌಲ್ಯಕ್ಕೆ ಇಪ್ಪತ್ತೈದು ಸಾವಿರ ರೂಪಾಯಿಗಳ ಮೇಲ್ಮಿತಿಯುಂಟೆಂದು ಸಭೆಗೆ ಅರುಹಿದರು. ಆ ರಾಜ್ಯದ ಸಂಘಗಳ ಮೊಕದ್ದಮೆಯಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ಸದಸ್ಯರಿಂದಲೇ ಬಂದು ಸದಸ್ಯರ ಹಿತಕ್ಕಾಗಿಯೇ ವ್ಯಯವಾಗುವ ಇಂಥ ಶುಲ್ಕವು ಪರಸ್ಪರತೆಯ ತತ್ತ್ವದಂತೆ ಆದಾಯ ತೆರಿಗೆಗೆ ಒಳಪಡತಕ್ಕದ್ದಲ್ಲವೆಂದು ತೀರ್ಪಿತ್ತಿತು.

ತೆರಿಗೆಯಿಲ್ಲವೆಂದ ಮಾತ್ರಕ್ಕೆ ಶುಲ್ಕವನ್ನು ಹಿಗ್ಗಿಸಬಹುದೆಂಬ ವಾದಕ್ಕೆ ನಾನು ಒಪ್ಪಲಿಲ್ಲ. ಮಾರಾಟದ ಬೆಲೆಯಲ್ಲಿ ಪಾಲು ಪಡೆಯುವ ಸಂಘವು ಕ್ರಮೇಣ ತನ್ನ ಸದಸ್ಯರು ಮನೆ ಬಿಟ್ಟು ಹೋಗುವುದನ್ನೇ ಹಾರೈಸತೊಡಗುತ್ತದೆ. ಯಾರು ನೆಲೆಸಲೆಂದು ಅದು ಹುಟ್ಟಿತೋ ಅವರ ನಿರ್ಗಮನವೇ ಅದರ ಸುಗ್ಗಿಯಾಗುತ್ತದೆ. ಅಲ್ಲದೆ ಬೆಲೆಯ ಮೇಲೆ ಶುಲ್ಕವಿಟ್ಟರೆ ಕಾಗದದಲ್ಲಿ ಬೆಲೆ ಇಳಿಯುವುದೆಂಬುದನ್ನು ಗಂಜದವರಿಗೆ ನಾನು ವಿವರಿಸಬೇಕಾಗಿರಲಿಲ್ಲ. ಕಡೆಗೆ ಒಪ್ಪಿತವಾದದ್ದು ಇಷ್ಟು: ಶುಲ್ಕವು ಆ ನಿವೇಶನದ ಒಂದು ವರ್ಷದ ನಿರ್ವಹಣಾ ವಂತಿಗೆಯಷ್ಟು, ಬಾಕಿ ತೀರದೆ ವರ್ಗಾವಣೆಯಿಲ್ಲ, ಕಾದಿರುವ ಸದಸ್ಯರಿದ್ದರೆ ಮೊದಲ ಕೇಳಿಕೆ ಅವರದು. ವಂತಿಗೆ ಏರಿದಂತೆ ಶುಲ್ಕವೂ ಏರುವುದರಿಂದ ಮುಂದಿನ ತಲೆಮಾರು ಈ ಕಲಮಿಗಾಗಿ ಮತ್ತೆ ಸಭೆ ಸೇರಬೇಕಿಲ್ಲ. ದಂಡವನ್ನೂ ಹೀಗೆಯೇ ಬಾಕಿಯ ಮೇಲೆ ತಿಂಗಳಿಗೆ ಶೇಕಡಾ ಒಂದೆಂದು ಬರೆದೆವು.

ಎಲ್ಲ ಅಂಕಿಗಳನ್ನೂ ಅಳಿಸಿಹಾಕಬೇಕೆಂದು ಇದರ ಅರ್ಥವಲ್ಲ. ಕರಡಿನಲ್ಲಿ ಕಾರ್ಯದರ್ಶಿಯ ನಗದು ಮಿತಿಯ ಐವತ್ತು ರೂಪಾಯಿಯನ್ನು ತೆಗೆದು, ‘ಕಾಲಕಾಲಕ್ಕೆ ಆಡಳಿತ ಮಂಡಳಿಯು ನಿರ್ಧರಿಸಿದಂತೆ’ ಎಂದು ಸೇರಿಸಿದ್ದರು. ನನ್ನ ಅನುಭವದಲ್ಲಿ ಸಂಘವೊಂದಕ್ಕೆ ಇದಕ್ಕಿಂತ ದುಬಾರಿಯಾದ ನುಡಿ ಮತ್ತೊಂದಿಲ್ಲ. ಹಣ ಕೊಡುವವರ ಹೊರೆಯನ್ನು ಪ್ರಮಾಣದಿಂದ ಅಳೆಯಬಹುದು. ಹಣ ಹಿಡಿಯುವವರ ಕೈಯನ್ನು ಅಂಕಿಯಿಂದಲೇ ಕಟ್ಟಬೇಕು, ಆ ಗಂಟನ್ನು ಬಿಚ್ಚುವ ಅಧಿಕಾರ ಸಾಮಾನ್ಯ ಸಭೆಗೆ ಮಾತ್ರ ಇರಬೇಕು. ಬೆಂಗಳೂರಿನ ಗೃಹನಿರ್ಮಾಣ ಸಂಘಗಳ ಅವ್ಯವಹಾರಗಳನ್ನು ಕುರಿತು ಜಿ.ವಿ.ಕೆ. ರಾವ್ ಸಮಿತಿಯು ನೀಡಿದ ವರದಿಯೂ, ಎಚ್.ಎಂ.ಟಿ. ನೌಕರರ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ 1995ರ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ಮಧ್ಯವರ್ತಿಗಳ ಕೈಗೆ ಸಂಘದ ಹಣ ಹೇಗೆ ಹರಿಯುತ್ತದೆಂಬುದನ್ನು ಬಯಲಿಗಿಟ್ಟಿವೆ. ನಮ್ಮದು ಅಷ್ಟು ದೊಡ್ಡ ಹಣದ ಸಂಘವಲ್ಲವೆಂದು ಒಬ್ಬರು ನಕ್ಕರು. ಐದು ಸಾವಿರವೆಂದು ಬರೆದು ಮುಗಿಸಿದೆವು.

ಸಭೆಗೆ ಕೋರಮ್ ಕೂಡಿಸುವುದೇ ಒಂದು ತಪಸ್ಸು. ವಾರ್ಷಿಕ ಸಭೆ ಸೆಪ್ಟೆಂಬರ್ ತಿಂಗಳೊಳಗೆ ಜರುಗಬೇಕು. ಬೀದರ ಸೀಮೆಯಲ್ಲಿ ಹೆಸರೂ ಉದ್ದೂ ರಾಶಿಯಾಗಿ ಗಂಜಕ್ಕೆ ಇಳಿಯುವುದೂ ಅದೇ ಹಂಗಾಮಿನಲ್ಲಿ. ಚೀಲಗಳ ನಡುವೆ ನಿಂತವನನ್ನು ಉಪವಿಧಿಯ ಚರ್ಚೆಗೆ ಕರೆಯುವ ಧೈರ್ಯ ಯಾರಿಗುಂಟು? ತೂಕ ಮುಗಿದು ಹಮಾಲರು ಕೈಕಾಲು ತೊಳೆಯುವ ಹೊತ್ತಿಗೆ ಸಭೆಯಿಟ್ಟು, ಕಲಮುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆವು.

ಯಾರೂ ಜಗಳವಾಡದೆ ಒಪ್ಪಿದ ಕಲಮೆಂದರೆ ನಾಮನಿರ್ದೇಶನದ್ದು. ಹಳೆಯ ಸದಸ್ಯರ ದಾಖಲೆಗಳಲ್ಲಿ ಅನೇಕ ಕಡೆ ಆ ಸ್ಥಳ ಖಾಲಿಯಾಗಿದ್ದು, ವಿಧವೆಯೊಬ್ಬರು ಗಂಡನ ಷೇರಿಗಾಗಿ ವರ್ಷಗಳ ಕಾಲ ಅಲೆದದ್ದು ಎಲ್ಲರಿಗೂ ತಿಳಿದಿತ್ತು. ಬಂಗಾಳದ ಸಂಘವೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ, ಸಂಘವು ನಾಮನಿರ್ದೇಶಿತರ ಹೆಸರಿಗೆ ಷೇರನ್ನು ವರ್ಗಾಯಿಸತಕ್ಕದ್ದೆಂದೂ, ವಾರಸುದಾರರ ಹಕ್ಕಿನ ವಾದವು ಅದರಿಂದ ಮುಚ್ಚಿಹೋಗುವುದಿಲ್ಲವೆಂದೂ ಹೇಳಿದ್ದನ್ನು ನಾನು ಓದಿ ತಿಳಿಸಿದೆ. ನಮೂನೆಗಳನ್ನು ಹಂಚಿದಾಗ ವೃದ್ಧ ವ್ಯಾಪಾರಿಯೊಬ್ಬರು ನನ್ನನ್ನು ಕಂಬದ ಮರೆಗೆ ಕರೆದು, ಹೆಸರು ಬರೆದವರಿಗೆ ಆ ವಿಷಯವನ್ನು ತಿಳಿಸಲೇಬೇಕೆಂಬ ವಿಧಿಯುಂಟೇ ಎಂದು ಮೆಲ್ಲನೆ ವಿಚಾರಿಸಿದರು. ಹಾಗೇನೂ ಇಲ್ಲವೆಂದೆ. ‘ಬಹಳ ಚಲೋ ಆಯ್ತು, ಮೂರೂ ಮಕ್ಕಳಿಗೆ ನಿನ್ನದೇ ಹೆಸರು ಅಂತ ಹೇಳಿಟ್ಟೀನಿ’ ಎಂದು, ಹೆಂಡತಿಯ ಹೆಸರನ್ನು ಬರೆದು ಕೊಟ್ಟರು.